ಅತ್ತೆಯ ಎಡಗೈ

ನಮ್ಮ ಮನೆಯಲ್ಲಿ ಅರಿಶಿನ ಬೇಯಿಸುವ ವಾರಗಳಲ್ಲಿ ಹಳದಿಯಾಗದ ವಸ್ತುವೇ ಇರುವುದಿಲ್ಲ. ಕೊಪ್ಪರಿಗೆ, ಗೋಣಿಚೀಲ, ಅಂಗಳ, ಅಪ್ಪನ ಬನಿಯನ್, ನನ್ನ ಮೊಬೈಲಿನ ಗಾಜು, ನಾಯಿಯ ಮೂಗು, ಎಲ್ಲಕ್ಕೂ ಒಂದೇ ಬಣ್ಣ. ಒಣಗಿದ ಕೊಂಬನ್ನು ಪಾಲಿಶ್ ಮಾಡುವ ಡ್ರಮ್ಮು ತಿರುಗಿದ ದಿನ ಸೀನಿದರೂ ಹಳದಿಯೇ. ಹಾಗಾಗಿ ಒಂದು ಬೆಳಿಗ್ಗೆ ನನ್ನ ಸೋದರತ್ತೆ ಒಲೆಯ ಮುಂದಿನಿಂದ ನನ್ನ ಕಡೆ ತಿರುಗಿದಾಗ ಅವಳ ಕಣ್ಣಿನ ಬಿಳಿಗೂ ಆ ಬಣ್ಣ ಬಂದಿದ್ದನ್ನು ಕಂಡು ನಾನು ಹೆದರಲಿಲ್ಲ, ಹಲ್ಲು ಕಿರಿದೆ.

“ಏನತ್ತೆ, ಕಣ್ಣಿಗೂ ಪಾಲಿಶ್ ಆಕುಸ್ಬುಟ್ಟಿದ್ದೀಯ?”

“ಊಂ ಕಣ್ಲಾ. ಈರೋಡ್ ಮಂಡಿಗೆ ತಕ್ಕಂಡೋದ್ರೆ ಒಳ್ಳೆ ರೇಟ್ ಬತ್ತದೆ. ನಿನ್ ಮೂತಿನೂ ಕೊಡು, ಚೀಲದ್ ತಳಕ್ಕಾಕಿ ಮಾರ್ಬುಡಮ.”

ಅತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು ತವರನ್ನೇ ಆಳಿದಳು. ನಾನು ನಡೆಯಲು ಕಲಿಯುವ ಮೊದಲೇ ಅವ್ವ ಹೋಗಿಬಿಟ್ಟಿದ್ದರಿಂದ ನನಗೆ ಉಣ್ಣಿಸಿ, ಬೈದು, ಬೆಳೆಸಿದವಳು ಅವಳೇ. ಜನರನ್ನು ಅಣಕಿಸುವುದನ್ನೂ ಅವಳಿಂದಲೇ ಕಲಿತೆ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯಿಂದ ಎಲೆಕೋಸು, ಬೆಳ್ಳುಳ್ಳಿ ಹೇರಿಕೊಂಡು ಪಿಕಪ್ಪಿನಲ್ಲಿ ಸತ್ಯಮಂಗಲಕ್ಕೆ ಹೋಗುವುದು ನನ್ನ ಕೆಲಸ. ಅಣಕ ನನ್ನ ಚಟ. ತಾಲ್ಲೂಕು ಆಫೀಸಿನ ಗುಮಾಸ್ತ ತಲೆ ಎತ್ತದೆ “ನಾಳೈಕ್ಕು ವಾಂಗ”, ನಾಳೆ ಬನ್ನಿ, ಅನ್ನುವುದು, ಚಾಮರಾಜನಗರದ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲದವನನ್ನು ದಿಟ್ಟಿಸುವುದು, ಮಠದ ಬುದ್ಧಿಯವರು ಪ್ರಸಾದ ಕೊಡುತ್ತಲೇ ಆಕಳಿಕೆ ನುಂಗುವುದು, ಅಪ್ಪ ಸಿಟ್ಟು ಬಂದಾಗ ಮಾತಾಡದೆ ಮೀಸೆಯ ತುದಿ ಕಚ್ಚುವುದು, ಎಲ್ಲ ಬರುತ್ತದೆ. ನನ್ನನ್ನೂ ಬಿಟ್ಟಿಲ್ಲ. ಪ್ಲಸ್ ಟೂ ಫೇಲಾಗಿ ಬಂದು “ಪೇಪರ್ ಟಫ್ ಇತ್ತು” ಅಂದ ನನ್ನದೇ ಮುಖವನ್ನು ಮಾಡಿ ತೋರಿಸಿ ಬೀದಿಯನ್ನೆಲ್ಲ ನಗಿಸಿದವನು ನಾನು. ನನ್ನ ಅಣಕದಲ್ಲಿ ಮೊದಲು ಬರುವುದು ದನಿಯಲ್ಲ, ಕೈ. ಮನುಷ್ಯ ಮಾತಾಡುವಾಗ ಕೈಯನ್ನು ಎಲ್ಲಿಡುತ್ತಾನೆ ಅನ್ನುವುದು ಸಿಕ್ಕಿದರೆ ಮಾತು ತಾನಾಗಿ ಹಿಂದೆ ಬರುತ್ತದೆ. ನನ್ನ ಕೈ ಕಟ್ಟಿಹಾಕಿದರೆ ಗುಮಾಸ್ತನೂ ಇಲ್ಲ, ಕಂಡಕ್ಟರೂ ಇಲ್ಲ.

ಅರಿಶಿನವೆಲ್ಲ ಮಂಡಿಗೆ ಹೋಯಿತು. ಅಂಗಳ ತೊಳೆದೆವು, ಬಟ್ಟೆ ಒಗೆದೆವು. ಅತ್ತೆಯ ಕಣ್ಣು ಮಾತ್ರ ಬಿಳಿಯಾಗಲಿಲ್ಲ. ಆಮೇಲೆ ಮೈ ಕೆರೆತ ಶುರುವಾಯಿತು, ಕಾಲು ಊದಿತು, ಹೊಟ್ಟೆ ಉಬ್ಬಿತು. ಅಪ್ಪನಿಗೂ ನನಗೂ ಹಳೆಯದು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಅವಳ ಎಡಮೊಲೆಯಲ್ಲಿ ಕ್ಯಾನ್ಸರಿನ ಗೆಡ್ಡೆ ಸಿಕ್ಕಿ, ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆಸಿ, ಕೀಮೋ ಕೊಡಿಸಿ ಕರೆತಂದಿದ್ದೆವು. ಉದುರಿದ ಕೂದಲು ಸುರುಳಿ ಸುರುಳಿಯಾಗಿ ಮತ್ತೆ ಬಂದಿತ್ತು. ನಾನು ಅವಳನ್ನು ಟಗರು ಅನ್ನುತ್ತಿದ್ದೆ. ಅವಳು ಹಾಯಲು ಬರುತ್ತಿದ್ದಳು. ಮುಗಿಯಿತು ಅಂತಲೇ ಮೂವರೂ ಅಂದುಕೊಂಡಿದ್ದೆವು.

ಅದೇ ಆಸ್ಪತ್ರೆಗೆ ಹೋದೆವು. ಸ್ಕ್ಯಾನಿಂಗ್ ರೂಮಿನ ಬಾಗಿಲಲ್ಲೇ ಮೊದಲ ಜಗಳ. ಅತ್ತೆಯ ಕೊರಳಿನ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೊಲೆ ಇದ್ದ ಜಾಗ ಚಪ್ಪಟೆಯಾದ ಮೇಲೆ ಕರಡಿಗೆ ಸರಿಯಾಗಿ ಅಲ್ಲೇ ಕೂತುಬಿಟ್ಟಿತ್ತು. ಮೆಷಿನ್ನಿನವನು ಮೈಮೇಲಿರುವ ಲೋಹವನ್ನೆಲ್ಲ ತೆಗೆಯಬೇಕು ಅಂದ. ಅತ್ತೆಗೆ ತಮಿಳು ಬರುತ್ತದೆ, ಆದರೆ ಸಂತೆಯ ತಮಿಳು. ರೇಟು ಇಳಿಸುವುದಕ್ಕೆ ಸಾಕು, ದೇವರ ವಿಷಯಕ್ಕೆ ಸಾಲದು. ಅವಳು ನನ್ನನ್ನು ಮುಂದೆ ತಳ್ಳಿದಳು.

“ಏಳ್ಲಾ ಅವ್ನಿಗೆ. ಬೆಳ್ಳಿ ತಗುದು ನಿನ್ ಕೈಗೆ ಕೊಡ್ತೀನಿ. ಸಿವನ್ನ ಬಟ್ಟೇಲಿ ಕಟ್ಕತೀನಿ. ಅದ್ರೊಳಗೆ ಕಬ್ಬಿಣ ಇಲ್ಲ, ಸಿವನೇ ಇರಾದು ಅಂತ ಏಳು.”

ಹೇಳಿದೆ. ಅವನು ಒಳಗಿದ್ದ ಡಾಕ್ಟರನ್ನು ಕೇಳಿ ಬಂದು ಆಗಲಿ ಅಂದ. ಅಂದಿನಿಂದ ಆ ಆಸ್ಪತ್ರೆಯಲ್ಲಿ ಅವಳ ಲಿಂಗವನ್ನು ಯಾರೂ ಮುಟ್ಟಲು ಹೋಗಲಿಲ್ಲ. ನರ್ಸುಗಳು ಕೂಡ ಸೂಜಿ ಹಾಕುವ ಮುಂಚೆ “ಸಾಮಿ ಎಂಗೆ?”, ದೇವರು ಎಲ್ಲಿ, ಅಂತ ಕೇಳಿ, ಅದಿಲ್ಲದ ಕೈಯನ್ನು ಹಿಡಿಯುತ್ತಿದ್ದರು.

ಡಾಕ್ಟರು ಸಣ್ಣಗಿನ ಮನುಷ್ಯ. ಎಲ್ಲದಕ್ಕೂ “ಪಾಕ್ಕಲಾಂ” ಅನ್ನುತ್ತಿದ್ದರು, ನೋಡೋಣ ಅಂತ. ಅನ್ನುವಾಗ ಎರಡು ಬೆರಳಿಂದ ಮೇಜಿನ ಅಂಚನ್ನು ಮೆಲ್ಲಗೆ ಉಜ್ಜುತ್ತಿದ್ದರು. ಅಂದು ಸ್ಕ್ಯಾನಿನ ಚಿತ್ರವನ್ನು ನಮ್ಮ ಕಡೆ ತಿರುಗಿಸಿ ಅವರು ತಮಿಳಿನಲ್ಲಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹಳೆಯ ಗೆಡ್ಡೆಯ ಬೀಜ ಈಗ ಲಿವರಿನ ತುಂಬ ಬಿದ್ದು ಬೆಳೆದಿದೆ. ಲಿವರು ಸೋಲುತ್ತಿರುವುದು ಅದರಿಂದಲೇ. ಲಿವರು ಉಳಿಯಬೇಕಾದರೆ ಗೆಡ್ಡೆ ಕರಗಬೇಕು, ಅದಕ್ಕೆ ಕೀಮೋ ಬೇಕು. ಆದರೆ ಮೈಗೆ ಹೋದ ಕೀಮೋವನ್ನು ಅರಗಿಸಿ ಹೊರಗೆ ಹಾಕಬೇಕಾದದ್ದು ಅದೇ ಲಿವರು. ಅದಕ್ಕೆ ಆಗದಿದ್ದರೆ ಮದ್ದು ಮೈಯಲ್ಲೇ ನಿಂತು, ಗೆಡ್ಡೆಗಿಂತ ಮೊದಲು ಮನುಷ್ಯನನ್ನು ಕೆಡವುತ್ತದೆ.

ಅಪ್ಪ ಮೀಸೆ ಕಚ್ಚಿಕೊಂಡ. ಅತ್ತೆ ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿದಳು.

“ಅಂದ್ರೆ ಆನೆ ಒಲಕ್ಕೆ ನುಗ್ಗದೆ ಅನ್ನಿ. ಪಟಾಕಿ ಒಡುದ್ರೆ ಕಾಡ್ಗೆ ಓದ್ರೂ ಓಯ್ತದೆ, ತಿರುಕ್ಕಂಡು ಮನೆ ಮೇಲೆ ಬಂದ್ರೂ ಬತ್ತದೆ. ಒಡೀದೆ ಕುಂತ್ರೆ ಒಲ ಅಂತೂ ಇಲ್ಲ.”

ನಾನು ಅದನ್ನು ತಮಿಳಿಗೆ ತಿರುಗಿಸಿದೆ, ಆನೆಯ ಕಿವಿಯ ಸಮೇತ. ಡಾಕ್ಟರು ನಕ್ಕರು. ಆಮೇಲೆ ನಗು ನಿಂತಿತು.

“ಅಷ್ಟೇ ಅಮ್ಮ. ಚಿಕ್ಕ ಪಟಾಕಿ ಹೊಡೀತೀನಿ, ವಾರಕ್ಕೊಂದು. ಪ್ರತಿ ಸಲ ನಿಮ್ಮನ್ನ ನೋಡಿ, ರಕ್ತ ನೋಡಿ, ಆಮೇಲೆ. ಪಾಕ್ಕಲಾಂ.”

“ಒಡೀರಿ. ಆದ್ರೆ ಒಂದು ಏಳ್ಬುಡಿ. ಬುದ್ದಿ ಓಯ್ತದ?”

ಈ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೂ ಅಪ್ಪನಿಗೂ ಗೊತ್ತಿತ್ತು. ಅತ್ತೆಯ ಗಂಡನ ತಾಯಿ ಕೊನೆಗಾಲದಲ್ಲಿ ಬುದ್ಧಿ ತಪ್ಪಿ, ಅವರ ಲಿಂಗಪೂಜೆಯನ್ನು ಬೇರೆಯವರು ಅವರ ಕೈ ಹಿಡಿದು ಮಾಡಿಸಬೇಕಾಗಿ ಬಂದಿತ್ತು. ಮಾಡಿಸಿದವಳು ಅತ್ತೆಯೇ. ಆವತ್ತಿನಿಂದ ಅವಳದೊಂದು ಹಟ: ಜೀವ ಹೋಗುವಾಗ ಲಿಂಗ ತನ್ನ ಅಂಗೈಯಲ್ಲಿರಬೇಕು, ಇಟ್ಟುಕೊಂಡವಳು ತಾನೇ ಆಗಿರಬೇಕು, ಅದು ಏನು ಅಂತ ತನಗೆ ಗೊತ್ತಿರಬೇಕು. ಸಾವಿನ ವಿಷಯ ಬಂದಾಗಲೆಲ್ಲ ಅವಳು ಕೇಳಿಕೊಳ್ಳುತ್ತಿದ್ದುದು ಇಷ್ಟನ್ನೇ.

“ಮದ್ದಿನಿಂದ ಹೋಗಲ್ಲ,” ಅಂದರು ಡಾಕ್ಟರು. “ಲಿವರು ಪೂರ್ತಿ ಸೋತರೆ ತಲೆ ಮಂಕಾಗುತ್ತೆ. ಹಾಗೆ ಶುರುವಾಯ್ತು ಅಂದರೆ ಕೀಮೋ ನಿಲ್ಲಿಸಿಬಿಡ್ತೀನಿ.”

ನಾವು ಮೂವರೂ ಕೇಳಿಸಿಕೊಂಡದ್ದು ಕೊನೆಯ ಮಾತನ್ನು ಮಾತ್ರ.

ಮೊದಲ ವಾರಗಳು ಕೆಟ್ಟದಾಗಿರಲಿಲ್ಲ. ಬೆಳಿಗ್ಗೆ ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಅತ್ತೆ ವಾಂತಿ ಮಾಡಿಕೊಳ್ಳುತ್ತಿದ್ದಳು, ಕೆಳಗೆ ತಲುಪಿದ ಮೇಲೆ ನನ್ನ ಡ್ರೈವಿಂಗನ್ನು ಬೈಯುತ್ತಿದ್ದಳು. ಆಸ್ಪತ್ರೆಯ ಉದ್ದನೆಯ ಹಾಲಿನಲ್ಲಿ ಒರಗುಕುರ್ಚಿಗಳು ಸಾಲಾಗಿದ್ದವು. ಪ್ರತಿ ಕುರ್ಚಿಯ ಪಕ್ಕಕ್ಕೂ ಒಂದು ಕಂಬ, ಕಂಬಕ್ಕೆ ತೂಗುವ ಬಾಟಲಿ. ಅತ್ತೆ ಬಲಗೈಯನ್ನು ಸೂಜಿಗೆ ಕೊಟ್ಟು, ಎಡಗೈಯಲ್ಲಿ ಲಿಂಗ ಹಿಡಿದು, ಸುತ್ತ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಕಣ್ಣಲ್ಲೇ ತೂಗಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಎರಡು ಸಲ ಬಾಟಲಿ ಏರಿದ ಮೇಲೆ ಕಣ್ಣಿನ ಹಳದಿ ಸ್ವಲ್ಪ ಇಳಿಯಿತು. ಕೆರೆತ ಕಡಿಮೆಯಾಯಿತು. ಒಂದು ಮಧ್ಯಾಹ್ನ ಅರ್ಧ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ಉಂಡಳು. ಅಪ್ಪ ಹೊರಗೆ ಹೋಗಿ ದನದ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತುಕೊಂಡ. ಅಪ್ಪ ಖುಷಿಯಾದರೂ ದುಃಖವಾದರೂ ಹೋಗಿ ನಿಲ್ಲುವುದು ಅಲ್ಲಿಯೇ, ದನಗಳು ಮಾತ್ರ ವ್ಯತ್ಯಾಸ ಹೇಳಬಲ್ಲವು.

ಆಮೇಲೆ ಅವಳು ಹಗಲೆಲ್ಲ ನಿದ್ದೆ ಮಾಡಲು ಶುರುಮಾಡಿದಳು. ಕಾಫಿಗೆ ಉಪ್ಪು ಹಾಕಿದಳು. ಹೇಳಿದ್ದನ್ನೇ ಹೇಳಿದಳು. ಇದನ್ನೆಲ್ಲ ವಯಸ್ಸು, ಸುಸ್ತು ಅಂತ ನಾವು ತಳ್ಳಿಹಾಕಿದೆವು. ತಳ್ಳಿಹಾಕಲಾಗದೆ ಹೋದದ್ದು ಪೂಜೆಯಲ್ಲಿ ಕಂಡದ್ದು. ಅತ್ತೆ ಬೆಳಿಗ್ಗೆ ಗೋಡೆಗೊರಗಿ ಕೂತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕೂರುವುದು ರೂಢಿ. ಆ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಈಗ ಅದು ಇದ್ದಕ್ಕಿದ್ದಂತೆ ಮಣಿಕಟ್ಟಿನಲ್ಲಿ ಸಡಿಲವಾಗಿ ಮುಂದಕ್ಕೆ ಬೀಳುತ್ತಿತ್ತು, ಮರುಕ್ಷಣ ಎದ್ದು ಸರಿಯಾಗುತ್ತಿತ್ತು. ನಡುಕವಲ್ಲ. ಬಸ್ಸಿಗೆ ನಿಲ್ಲಿಸು ಅಂತ ಕೈ ತೋರಿಸಿದವರು, ಬೇಡ ಹೋಗು ಅಂದು, ಮತ್ತೆ ನಿಲ್ಲಿಸು ಅಂದ ಹಾಗೆ. ಪ್ರತಿ ಸಲವೂ ಲಿಂಗ ಅಂಗೈಯ ಅಂಚಿಗೆ ಜಾರುತ್ತಿತ್ತು, ಅವಳು ಬಲಗೈಯನ್ನು ಅಡ್ಡ ಕೊಡುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು.

“ಏನ್ಲಾ ನೋಡ್ತಿದ್ದೀಯ? ಡಾಕ್ಟರ್‌ಗೆ ಏಳ್ಬುಟ್ಟೀಯ, ಜ್ವಾಕೆ.”

“ನಾನ್ಯಾಕೆ ಏಳನ.”

“ಏಳುದ್ರೆ ಮದ್ದು ನಿಲ್ಲುಸ್ಬುಡ್ತರೆ. ಮದ್ದು ನಿಂತ್ರೆ ಬುದ್ದಿನೂ ಓಯ್ತು, ನಾನೂ ಓದೆ.”

ನಮ್ಮ ಕಡೆ ಆಫೀಸಿಗೆ ಹೋಗುವವರಿಗೆ ಒಂದು ಪಾಠ ಚಿಕ್ಕಂದಿನಿಂದ ಬಂದಿರುತ್ತದೆ. ಎದುರಿಗೆ ಕೂತವನು ಮಂಜೂರು ಮಾಡುವವನು. ಅವನು ಬೇಡ ಅನ್ನಲು ಒಂದು ಕಾರಣ ಹುಡುಕುತ್ತಿರುತ್ತಾನೆ. ಆ ಕಾರಣವನ್ನು ನಾವು ಕೊಡಬಾರದು. ಪಟ್ಟಾ ಬದಲಾಯಿಸುವುದಕ್ಕೂ ಬೋರಿಗೆ ಕರೆಂಟು ಹಾಕಿಸುವುದಕ್ಕೂ ನಾವು ಹೋಗಿದ್ದು ಹಾಗೆಯೇ. ಕೀಮೋವನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟೆವು. ಡಾಕ್ಟರು ಕೊಡುವವರು, ನಾವು ಅರ್ಹರಾಗಿ ಕಾಣಬೇಕಾದವರು. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಅಪ್ಪ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸಿಕೊಂಡ. ಜೀವಮಾನದಲ್ಲಿ ಅಕ್ಕನ ಎದುರು ಎರಡು ಮಾತಾಡದ ಮನುಷ್ಯ!

“ಅಕ್ಕ, ಇವತ್ತು ಯಾವಾರ?”

“ಬಾನ್ವಾರ. ನಾಳಿಕ್ಕೆ ಸೋಮಾರ. ನಾವ್ ಓಗಾದು ಕೋಯಮತ್ತೂರ್‌ಗೆ. ನೀನು ನನ್ ತಮ್ಮ, ಮೂಗ್ಬಸವಣ್ಣ. ಇವ್ನು ನಿನ್ ಮಗ, ಕಪಿ. ಸಾಕ?”

ನನಗೆ ಒಪ್ಪಿಸಿದ ಪಾತ್ರ ಬೇರೆ. ಡಾಕ್ಟರಿಗೆ ಅನುಮಾನ ಬಂದರೆ ನಾನು ಮಾತಾಡಬೇಕು. ಅತ್ತೆ ಮನೆಯಲ್ಲಿ ಎಷ್ಟು ಚುರುಕಾಗಿದ್ದಾಳೆ ಅಂತ ಹೇಳಬೇಕು. “ಉಣ್ತಳೆ, ಬೈತಳೆ ಅಂತ ಏಳು,” ಅಂದಳು ಅತ್ತೆ. “ಅದು ಸುಳ್ಳಲ್ಲವಲ್ಲ.”

ಸೋಮವಾರ ಡಾಕ್ಟರು ಅವಳ ಕಣ್ಣ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ತಟ್ಟಿದರು. ರಕ್ತದ ರಿಪೋರ್ಟು ಇನ್ನೂ ಬಂದಿರಲಿಲ್ಲ. ಯಾವ ದಿನ, ಯಾವ ಊರು ಅಂತ ಕೇಳಿದರು, ಅತ್ತೆ ಒಪ್ಪಿಸಿದಳು. ಆಮೇಲೆ ಎರಡೂ ಕೈ ಮುಂದೆ ಚಾಚಿ, ಅಂಗೈ ಎತ್ತಿ ಹಿಡಿಯಿರಿ ಅಂತ ತಾವೇ ಮಾಡಿ ತೋರಿಸಿದರು.

ಅತ್ತೆ ಎರಡೂ ಕೈಯನ್ನು ಲಿಂಗದ ಸುತ್ತ ಮುಚ್ಚಿ ಎದೆಗೆ ಒತ್ತಿಕೊಂಡಳು.

“ಸೋಮಾರ. ಸಿವನ್ನ ಕೈಲಿ ಇಡ್ಕಂಡ್ ಮೇಲೆ ಮದ್ಯಾನಗಂಟ ಬುಡಂಗಿಲ್ಲ. ಏಳ್ಲಾ.”

ಅಂಥ ಕಟ್ಟಳೆ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಅವಳು ಅದನ್ನು ಆ ಕ್ಷಣದಲ್ಲಿ ಹುಟ್ಟಿಸಿದ್ದಳು. ನಾನು ಮುಖ ಗಂಭೀರ ಮಾಡಿಕೊಂಡು ತಮಿಳಿಗೆ ತಿರುಗಿಸಿದೆ. ಅಪ್ಪ ಪಕ್ಕದಿಂದ “ಆಮಾಂ ಸಾರ್, ಆಮಾಂ ಸಾರ್” ಅಂತ ಹೂಂಗುಟ್ಟಿದ. ಡಾಕ್ಟರು ಒಂದು ಕ್ಷಣ ಅವಳ ಮುಚ್ಚಿದ ಕೈಯನ್ನು ನೋಡಿ, ಮೇಜಿನ ಅಂಚು ಉಜ್ಜಿದರು.

“ಸರಿ. ಬೇಡ. ಮನೆಯಲ್ಲಿ ಹೇಗಿದಾರೆ? ನಿದ್ದೆ? ಮಾತು?”

ನನ್ನ ಪಾತ್ರ ಬಂತು.

“ಮಾತಾ ಸಾರ್? ಬೆಳಿಗ್ಗೆ ಕೇಳಬೇಕಿತ್ತು ನೀವು,” ಅಂದೆ. ಹೊರಡುವ ಮುಂಚೆ ಪೂಜೆ ಮುಗಿಸುತ್ತ ಅವಳು ನನ್ನ ಚಪ್ಪಲಿ, ನನ್ನ ಕ್ರಾಪು, ನನ್ನ ಗಾಡಿ, ನನಗೆ ಹೆಣ್ಣು ಕೊಡದ ಮೂರು ಊರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬೈದಿದ್ದಳು. ಅದನ್ನು ಕಟ್ಟಿಕೊಟ್ಟೆ. ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲ. ಗೋಡೆಗೊರಗಿದ ಬೆನ್ನು, ಒಂದು ಕಡೆಗೆ ವಾಲಿದ ಕುತ್ತಿಗೆ, ಕಣ್ಣಿನ ಮಟ್ಟಕ್ಕೆ ಎತ್ತಿದ ಎಡಗೈ, ಅದರ ಮೇಲಿಂದ ನನ್ನನ್ನು ಇರಿಯುವ ನೋಟ. ನರ್ಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅತ್ತೆಗೂ ನಗು ತಡೆಯಲಿಲ್ಲ. “ಥೂ ಮುಂಡೇದೆ” ಅಂದಳು. ಅಪ್ಪನೂ ಹಲ್ಲು ತೋರಿಸಿದ. ಗೆದ್ದೆವು ಅಂದುಕೊಂಡೆ.

ಡಾಕ್ಟರು ನಗುತ್ತಿರಲಿಲ್ಲ. ಅವರು ನನ್ನ ಮುಖವನ್ನೂ ನೋಡುತ್ತಿರಲಿಲ್ಲ.

“ಆ ಕೈ,” ಅಂದರು. “ಇನ್ನೊಂದು ಸಲ ಮಾಡಿ.”

ನಾನು ನನ್ನ ಎಡಗೈಯನ್ನು ನೋಡಿಕೊಂಡೆ. ಅದು ಇನ್ನೂ ಗಾಳಿಯಲ್ಲೇ ಇತ್ತು. ನೋಡುತ್ತಿದ್ದ ಹಾಗೆಯೇ ಮಣಿಕಟ್ಟು ಸಡಿಲವಾಗಿ ಬಿತ್ತು, ಎದ್ದಿತು. ನಿಲ್ಲಿಸು, ಬೇಡ ಹೋಗು, ನಿಲ್ಲಿಸು. ನಾನು ಮಾಡುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಅವಳ ದನಿಗೆ ಕೈಹಾಕಿದ ಮೇಲೆ ಆ ಕೈಯನ್ನು ಬಿಟ್ಟು ಬರಲು ನನಗೆ ಬರುವುದಿಲ್ಲ, ಅಷ್ಟೇ.

ಡಾಕ್ಟರು ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು. “ಅಮ್ಮ, ಸಾಮಿಯನ್ನ ಬಿಡಬೇಡಿ. ಮನೆಯಲ್ಲಿ ಹಿಡಿಯೋ ಹಾಗೆಯೇ ಒಂದು ಸಲ ಹಿಡಿಯಿರಿ.” ಅತ್ತೆ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಲಿಂಗಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅದನ್ನು ಅಂಗೈಯಲ್ಲಿಟ್ಟು ಎತ್ತಿದಳು. ಕೈ ಬಿತ್ತು, ಎದ್ದಿತು, ಬಿತ್ತು. ಅವಳೇ ಅದನ್ನು ಎದೆಗೆ ತಂದುಕೊಂಡಳು.

ಆವತ್ತು ಅವಳಿಗೆ ಕೀಮೋ ಕೊಡಲಿಲ್ಲ. ಬೇರೆ ರೂಮಿಗೆ ಕರೆದುಕೊಂಡು ಹೋಗಿ ಹೊಟ್ಟೆಯ ನೀರನ್ನು ನಳಿಕೆ ಹಾಕಿ ಇಳಿಸಿದರು. ಅಷ್ಟರಲ್ಲಿ ರಕ್ತದ ರಿಪೋರ್ಟೂ ಬಂತು. ಕೈ ಹಾಗೆ ಬೀಳುವುದು ಲಿವರು ತಡೆಯದ ವಿಷ ತಲೆಗೆ ಏರುತ್ತಿರುವುದರ ಗುರುತಂತೆ, ರಿಪೋರ್ಟೂ ಅದನ್ನೇ ಹೇಳುತ್ತಿತ್ತು. ಡಾಕ್ಟರು ನನ್ನನ್ನೂ ಅಪ್ಪನನ್ನೂ ಕಾರಿಡಾರಿಗೆ ಕರೆದು ಎಲ್ಲ ಬಿಡಿಸಿ ಹೇಳಿದರು. ಅಪ್ಪ ಅವರ ಕೈ ಹಿಡಿದುಕೊಂಡು ಕೊಂಚ ಕೊಡಿ ಸಾರ್, ಚೂರು ಕೊಡಿ ಸಾರ್ ಅಂತ ಕೇಳಿದ, ಪ್ರಸಾದ ಕೇಳುವವರ ಹಾಗೆ. ಬಾಗಿಲಾಚೆ ಮಲಗಿದ್ದ ಅತ್ತೆಗೆ ಇದು ಯಾವುದೂ ಕೇಳಿಸಲಿಲ್ಲ.

ವಾಪಸು ಬರುವಾಗ ಅವಳು ಮಾತಾಡಲಿಲ್ಲ. ತಿರುವುಗಳಲ್ಲಿ ವಾಂತಿಯೂ ಆಗಲಿಲ್ಲ. ನಾನು ಬೈಗುಳಕ್ಕೆ ಕಾಯುತ್ತ ಗಾಡಿ ಏರಿಸಿದೆ. ಘಾಟಿಯ ತುದಿಯ ದಿಂಬಂ ತಲುಪಿದಾಗ ಮಂಜು ರಸ್ತೆಗೆ ಇಳಿದಿತ್ತು. ಅಪ್ಪ ಟೀ ತಂದುಕೊಟ್ಟ. ಅವಳು ಲೋಟವನ್ನು ಮುಟ್ಟದೆ ಹೇಳಿದಳು:

“ಡಾಕ್ಟರ್ ಮಾಡ್ಲಾ.”

“ಯಾಕಕ್ಕ, ಬ್ಯಾಡ ಬುಡು,” ಅಂದ ಅಪ್ಪ. “ಪುನಾ ಬರಕ್ಕೇಳವ್ರೆ. ಈ ವಾರ ಬ್ಯಾಡ ಅಂದವ್ರೆ ಅಷ್ಟೆಯ.”

“ನೀ ಸುಮ್ಕಿರು. ನೀನು ಬೆಣ್ಣೆ ಅಚ್ಚಿ ಏಳ್ತೀಯ. ಇವ್ನಿಗೆ ಅದು ಬರಾದಿಲ್ಲ, ಇವ್ನು ಕಂಡಂಗೆ ಮಾಡಾದು. ಮಾಡ್ಲಾ.”

ನಾನು ಗಾಡಿಯ ಬಾಗಿಲಿಗೆ ಒರಗಿ ನಿಂತೆ. ಎರಡು ಬೆರಳು ಬಾಗಿಲಿನ ಅಂಚನ್ನು ಹುಡುಕಿಕೊಂಡವು. ಕಾರಿಡಾರಿನಲ್ಲಿ ಕೇಳಿದ್ದು ಕೇಳಿದ ಹಾಗೆಯೇ ಬಂತು, ಅವರ ತಮಿಳಿನಲ್ಲಿ, ಅವರ ನಿಧಾನದಲ್ಲಿ. ಲಿವರು ಪೂರ್ತಿ ಸೋತಿದೆ. ಇನ್ನು ನಾನು ಕೊಡುವ ಮದ್ದು ಅವರನ್ನು ಬೇಗ ಕಳಿಸುತ್ತೆ, ಗೆಡ್ಡೆಯನ್ನಲ್ಲ. ಇನ್ನು ಕೀಮೋ ಇಲ್ಲ. ಮುಂದಿನ ವಾರವೂ ಇಲ್ಲ. ಒಂದು ಸಿರಪ್ಪು ಕೊಡ್ತೀನಿ. ಹೊಟ್ಟೆ ಸಡಿಲವಾಗಿ ಹೋಗ್ತಾ ಇದ್ದರೆ ವಿಷ ತಲೆಗೆ ಏರಲ್ಲ, ಸ್ವಲ್ಪ ದಿನ ಬುದ್ಧಿ ತಿಳಿಯಾಗಿರುತ್ತೆ. ನೋವಿಗೆ ಕೊಡ್ತೀನಿ. ಮನೆಯಲ್ಲಿ ಅವರ ಜಾಗದಲ್ಲಿ ಇರಲಿ.

ಒಂದು ಸಲವೂ “ಪಾಕ್ಕಲಾಂ” ಬರಲಿಲ್ಲ. ಅವರು ಅಂದಿರಲಿಲ್ಲ.

“ಎಷ್ಟು ದಿಸ ಅಂದ್ರು?”

“ಅದ ಏಳ್ಲಿಲ್ಲ ಕಣತ್ತೆ.”

“ನೀವು ಕೇಳ್ಲಿಲ್ವ?”

“ಅಪ್ಪ ಕೇಳ್ತು.”

“ಅದ್ಕೇನಂದ್ರು?”

ಅದಕ್ಕೆ ಅವರು ಮಾಡಿದ್ದನ್ನು ಮಾಡಿದೆ. ಕನ್ನಡಕ ತೆಗೆದೆ. ಅಂಗಿಯ ತುದಿಯಿಂದ ಗಾಜು ಒರೆಸಿದೆ. ಒಂದು ಕಣ್ಣಿನದು, ಇನ್ನೊಂದು ಕಣ್ಣಿನದು. ಮತ್ತೆ ಹಾಕಿಕೊಂಡೆ. ನನಗೆ ಕನ್ನಡಕವಿಲ್ಲ. ಅತ್ತೆ ಕೊನೆಯವರೆಗೂ ನನ್ನ ಬರಿಯ ಬೆರಳುಗಳನ್ನು ನೋಡುತ್ತಿದ್ದಳು.

“ಒಳ್ಳೆ ಮನ್ಸ,” ಅಂದಳು. ಟೀ ಕುಡಿದಳು.

ಮನೆಗೆ ಬಂದ ಮೇಲೆ ಅಪ್ಪ ಬೇರೆ ದಾರಿ ಹುಡುಕಿದ. ಮೈಸೂರಿನಲ್ಲಿ ಇನ್ನೊಂದು ಆಸ್ಪತ್ರೆಯಂತೆ, ಅಲ್ಲಿ ಇಷ್ಟೆಲ್ಲ ಕೇಳುವುದಿಲ್ಲವಂತೆ, ಹೋದವರಿಗೆಲ್ಲ ಕೊಡುತ್ತಾರಂತೆ. ಸಂತೆಯಲ್ಲಿ ಯಾರೋ ಹೇಳಿದ್ದು. ಅವನು ಕಾರು ಹೇಳಿ ಬಂದ. ಬೆಳಿಗ್ಗೆ ಅತ್ತೆಯ ಸೀರೆಯನ್ನು ತಾನೇ ಮಡಿಸಿ ಚೀಲಕ್ಕೆ ಇಡುತ್ತಿದ್ದ, ಎಲೆಕೋಸು ಜೋಡಿಸುವ ಹಾಗೆ. ಅವಳು ಗೋಡೆಗೊರಗಿ ನೋಡುತ್ತ ಕೂತಿದ್ದಳು. ಸಿರಪ್ಪು ಕೆಲಸ ಮಾಡಿ ಅವಳ ಬುದ್ಧಿ ಮತ್ತೆ ಹಳೆಯ ಮೊನೆಗೆ ಬಂದಿತ್ತು.

“ಅಲ್ಲೋಗಿ ಪುನಾ ಕೈ ಬಚ್ಚಿಟ್ಕಂಡು ಕುಂತ್ಕಳಾದ?” ಅಂದಳು.

“ಅಕ್ಕ, ಒಂದು ಸಲ...”

“ನಾನು ಬರಾಕಿಲ್ಲ ಕಣ. ಆ ಪಟಾಕಿ ಇನ್ನು ಮನೆ ಒಳಗೇ ಒಡೆಯಾದು. ಇರಾ ಬುದ್ದಿಲಿ ಸಿವನ್ನ ನಾನೇ ಇಡ್ಕಂಡು ಓಯ್ತೀನಿ. ನಂಗೆ ಅಷ್ಟು ಸಾಕು. ಕಾರ್ ಕಳುಸ್ಬುಡು.”

ಅಪ್ಪ ಚೀಲವನ್ನು ಅಲ್ಲೇ ಬಿಟ್ಟು ಕೊಟ್ಟಿಗೆಗೆ ಹೋದ. ಕಾರಿನವನಿಗೆ ಹೇಳಿ ಕಳಿಸಿದ್ದು ನಾನು.

ಆಮೇಲಿನ ದಿನಗಳು ಆ ಸಿರಪ್ಪಿನ ದಿನಗಳು. ಅದು ಪಾಕದಷ್ಟು ಸಿಹಿ. ಕುಡಿದರೆ ಬುದ್ಧಿ ಇರುತ್ತಿತ್ತು, ಹೊಟ್ಟೆ ನಿಲ್ಲುತ್ತಿರಲಿಲ್ಲ. ಹಿತ್ತಿಲಿನ ಬಚ್ಚಲಿಗೆ ಅವಳನ್ನು ನಾನು ಒಂದು ಕಡೆ, ಅಪ್ಪ ಒಂದು ಕಡೆ ಹಿಡಿದು ಓಡಿಸುತ್ತಿದ್ದೆವು. “ನನ್ ಬುದ್ದಿ ಎಲ್ಲಿತ್ತು ಅಂತ ಈಗ ಗೊತ್ತಾಯ್ತು ಕಣ್ಲಾ,” ಅನ್ನುತ್ತಿದ್ದಳು ಏದುಸಿರು ಬಿಡುತ್ತ. ನಗುತ್ತಿದ್ದೆವು. ನಗುತ್ತಲೇ ಅವಳು ಹಗುರವಾಗುತ್ತಿರುವುದು ನಮ್ಮ ತೋಳಿಗೆ ಗೊತ್ತಾಗುತ್ತಿತ್ತು. ಕಣ್ಣು ಮತ್ತೆ ಹಳದಿಯಾಯಿತು, ಈ ಸಲ ಮೈಯೂ. ಹೊಟ್ಟೆ ಮತ್ತೆ ತುಂಬಿತು. ತಾಳವಾಡಿಯ ಡಾಕ್ಟರು ಬಂದು ನೋವಿನ ಮದ್ದು ಹೆಚ್ಚಿಸಿದರು.

ಬೆಳಗಿನ ಪೂಜೆ ಮಾತ್ರ ನಡೆಯಿತು. ಕೈ ಈಗ ನಿಲ್ಲುತ್ತಲೇ ಇರಲಿಲ್ಲ, ಆದ್ದರಿಂದ ಎತ್ತುವುದನ್ನು ಬಿಟ್ಟು ತೊಡೆಯ ಮೇಲೆ ಅಂಗೈ ಇಟ್ಟುಕೊಂಡು ಮಾಡುತ್ತಿದ್ದಳು. ಅಪ್ಪ ಬಿಸಿನೀರಿಟ್ಟು, ತಣಿಸಿ, ಚೊಂಬಿನಲ್ಲಿ ತಂದುಕೊಡುತ್ತಿದ್ದ. ಹಿಡಿದುಕೊಳ್ಳಲಾ ಅಂತ ನಾನು ಒಂದೇ ಒಂದು ಸಲ ಕೇಳಿದೆ.

“ಮುಟ್ಟೀಯ,” ಅಂತ ಗದರಿದಳು.

ಒಂದು ಬೆಳಿಗ್ಗೆ ಅವಳನ್ನು ಎಬ್ಬಿಸಲು ಬಹಳ ಹೊತ್ತು ಹಿಡಿಯಿತು. ಸಿರಪ್ಪನ್ನು ಚಮಚದಲ್ಲಿ ಕೊಟ್ಟರೆ ಬಾಯಿಯ ಪಕ್ಕದಿಂದ ಹರಿದುಹೋಯಿತು. ಮುಖ ಒರೆಸಿ, ದಿಂಬು ಕೊಟ್ಟು ಗೋಡೆಗೆ ಒರಗಿಸಿದೆವು. ರೂಢಿಯ ಮೇಲೆ ಅವಳ ಬಲಗೈ ಕರಡಿಗೆಯನ್ನು ಹುಡುಕಿತು, ಸಿಗಲಿಲ್ಲ. ಅಪ್ಪ ನನ್ನ ಕಡೆ ನೋಡಿದ. ನಾನು ಕರಡಿಗೆ ತೆರೆದು ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟೆ. ಅವಳು ಅದನ್ನು ನೋಡಿದಳು. ತಿರುಗಿಸಿ ನೋಡಿದಳು. ಹೆಬ್ಬೆರಳಿಂದ ಉಜ್ಜಿದಳು.

“ಇದೇನ್ಲಾ?”

ಅಪ್ಪ ಚೊಂಬನ್ನು ಕೆಳಗಿಟ್ಟ.

“ಸಿವ ಕಣತ್ತೆ,” ಅಂದೆ.

“ಯಾರ್ದು?”

“ನಿಂದೆಯ.”

ಅವಳು ನಂಬಲಿಲ್ಲ. ಬೇರೆ ಯಾರದೋ ವಸ್ತು ತನ್ನ ಕೈಗೆ ಬಂದಂತೆ, ಕೇಳಿಕೊಂಡು ಬರುವವರಿಗೆ ವಾಪಸು ಕೊಡಬೇಕು ಅನ್ನುವಂತೆ, ಬಾಗಿಲ ಕಡೆ ನೋಡುತ್ತ ಕೂತಳು. ಯಾರೂ ಬರಲಿಲ್ಲ. ಬಿಸಿಲು ಹೊಸಿಲು ದಾಟಿ ಒಳಗೆ ಬಂತು. ಅಪ್ಪ ಚೊಂಬನ್ನು ಎತ್ತಿಕೊಂಡು ಅವಳ ಅಂಗೈ ಮೇಲೆ ನೀರು ಬಿಟ್ಟ. ಅವಳು ನೀರನ್ನು ಮಾತ್ರ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಬೆರಳುಗಳು ಒಂದೊಂದಾಗಿ ಮಡಚಿ ಲಿಂಗದ ಮೇಲೆ ಮುಚ್ಚಿಕೊಂಡವು. ನಾನೂ ಅಪ್ಪನೂ ಅದನ್ನು ಬಿಡಿಸಲು ಹೋಗಲಿಲ್ಲ.